ಊಟದ ಮೇಜಿನ ಮೇಲೇ ಸತ್ತ ತಪ್ಪು

"ಗರಗಸ ಅಂದ್ರೆ ನೀವೇ ತಾನೇ?"

ಗಿರಾಕಿ ಎದುರಿಗೆ ಕೂತಿದ್ದಾರೆಂಬ ದಾಕ್ಷಿಣ್ಯವನ್ನೂ ನೋಡದೆ ತಕರಾರಕ್ಕ ಕೇಳಿಯೇ ಬಿಟ್ಟಳು. ಕನ್ನಡಕದಂಗಡಿಯವನ ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಪರೀಕ್ಷೆಯ ದಪ್ಪ ಚೌಕಟ್ಟನ್ನು ಮೂಗಿಗೇರಿಸಿಕೊಂಡು ಗೋಡೆಯ ಅಕ್ಷರ ಓದುತ್ತಿದ್ದ ಮುದುಕರು ಒಂದು ಕಣ್ಣು ಮುಚ್ಚಿಕೊಂಡೇ ಇವಳತ್ತ ತಿರುಗಿದರು.

"ಗರಗಸ ಬೇಕಾ ಅಕ್ಕಾ? ಅದಕ್ಕೆ ಆಚೆ ಬೀದಿ ಕಬ್ಬಿಣದಂಗಡಿಗೆ ಹೋಗ್ಬೇಕು."

"ತಮಾಷೆ ಬೇಡ. ನಿಮ್ಮ ಹೆಂಡತೀನ ತಿಂಗಳುಗಟ್ಟಲೆ ಕೊಯ್ದು ಹಾಕಿದ ಗರಗಸ."

"ನಾನು ಆಮೇಲೆ ಬರ್ಲೇನಪ್ಪಾ?" ಎಂದರು ಮುದುಕರು.

"ಕೂತ್ಕೊಳ್ಳಿ ಅಜ್ಜಾ, ಸಾಕ್ಷಿಗೊಬ್ರು ಬೇಕು," ಎಂದು ತಕರಾರಕ್ಕ ಗಾಜಿನ ಕಟ್ಟೆಯ ಮೇಲೆ ತನ್ನ ಫೋನನ್ನು ಕುಕ್ಕಿದಳು. ಒಳಗೆ ಸಾಲಾಗಿ ಕೂತಿದ್ದ ಚೌಕಟ್ಟುಗಳೆಲ್ಲ ಒಮ್ಮೆ ಅದುರಿದವು.

ಅವಳು ರೈಲ್ವೆ ಕಚೇರಿಯಲ್ಲಿ ಇಲಾಖಾ ವಿಚಾರಣೆ ನಡೆಸಿಯೇ ಕೂದಲು ನರೆಸಿಕೊಂಡ ಹೆಂಗಸು. ಈಗ ಅದೇ ಕೆಲಸವನ್ನು 'ಹೆಗಲು' ಬಳಗಕ್ಕೆ ಬಿಟ್ಟಿಯಾಗಿ ಮಾಡುತ್ತಿದ್ದಳು. ಹೆಗಲು ಎಂದರೆ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆ ಎಂದು ಆಂಬುಲೆನ್ಸ್ ಚಾಲಕರಿಗೆ ತೋರಿಸುವ ತಂತ್ರಾಂಶ. ಅದಕ್ಕೆ ಮಾಲೀಕರಿಲ್ಲ. ಅದರ ಒಳಗನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಊರೂರಿನ ಜನ ಸಂಬಳವಿಲ್ಲದೆ ನಡೆಸಿಕೊಂಡು ಬಂದದ್ದು. ಆದರೆ ಬಂದ ತಿದ್ದುಪಡಿಗಳನ್ನೆಲ್ಲ ಜರಡಿ ಹಿಡಿದು, ಹೊಸ ಆವೃತ್ತಿಯನ್ನು ಎಲ್ಲ ಗಾಡಿಗಳಿಗೂ ಬಿಡುಗಡೆ ಮಾಡುವ ಕೀಲಿ ಮಾತ್ರ ಒಬ್ಬಳ ಕೈಯಲ್ಲಿತ್ತು. ತನಗಿಂತ ದೊಡ್ಡ ಭಾರ ಹೊತ್ತು ಸದ್ದಿಲ್ಲದೆ ನಡೆಯುತ್ತಾಳೆಂದು ಬಳಗ ಅವಳಿಗೆ ಇಟ್ಟ ಹೆಸರು ಇರುವೆ. ಈ ಕನ್ನಡಕದಂಗಡಿಯವನ ಹೆಂಡತಿ.

ಆ ಇರುವೆಯನ್ನು ಗರಗಸ ಎಂಬ ಮುಸುಕಿನ ಹೆಸರು, ಜೊತೆಗೆ ಅಂಥವೇ ಇನ್ನು ಮೂರು ಹೆಸರುಗಳು, ಬಳಗದ ಆನ್‌ಲೈನ್ ಪಡಸಾಲೆಯಲ್ಲಿ ಎಲ್ಲರೆದುರು ಹೀಗಳೆಯುತ್ತ ಬಂದಿದ್ದವು. ಕೆಲಸಕ್ಕೆ ಬಾರದವಳು, ನಿಧಾನದವಳು, ಬಿಟ್ಟು ತೊಲಗು. ಇಂದು ಸಂಜೆಯ ಸಭೆಯಲ್ಲಿ ಅವಳಿಂದ ಕೀಲಿ ಕಿತ್ತು, 'ನೆರಳು' ಎಂಬ ಸವಿಮಾತಿನ ಸ್ವಯಂಸೇವಕನಿಗೆ ಕೊಡುವ ಪ್ರಸ್ತಾಪವಿತ್ತು. ನೆರಳಿನ ಮುಖ ಕಂಡವರು, ದನಿ ಕೇಳಿದವರು ಯಾರೂ ಇರಲಿಲ್ಲ. ಬಳಗದ ನಿಯಮವೋ, ಮೌನವೇ ಒಪ್ಪಿಗೆ. ಸದಸ್ಯರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಆಕ್ಷೇಪಿಸದಿದ್ದರೆ ಪ್ರಸ್ತಾಪ ಪಾಸು. ತಕರಾರು ಕೇಳುವ ಸ್ಥಾನದಲ್ಲಿರುವ ತಕರಾರಕ್ಕನಿಗೆ ಆಕ್ಷೇಪ ಎತ್ತುವ ಹಕ್ಕಿಲ್ಲ. ಅಪರಾಧಿಯನ್ನು ಹಿಡಿದುಕೊಟ್ಟರೆ ಸದಸ್ಯರಲ್ಲಿ ಯಾರಾದರೂ ಆಕ್ಷೇಪ ಎತ್ತಿಯಾರು ಎಂಬುದೊಂದೇ ಅವಳ ಆಸೆ.

"ಹೋದ ಬುಧವಾರ ನಿಮ್ಮ ಹೆಂಡತಿ ಮನೇಲಿ ಊಟದ ಮೇಜಿನ ಮೇಲೆ ಕೆಲಸ ಮಾಡ್ತಾ ಒಂದು ತಪ್ಪು ಮಾಡಿದ್ಲು," ಎಂದಳು ತಕರಾರಕ್ಕ. "ಮಕ್ಕಳ ಆಸ್ಪತ್ರೆ ಹಾಸಿಗೆಗಳು ಎರಡೆರಡು ಸಲ ಎಣಿಕೆಗೆ ಬರ್ತಿದ್ವು. ಪಾತ್ರೆ ತೊಳೀತಾ ತಾನೇ ನೆನಪು ಮಾಡ್ಕೊಂಡು, ಒದ್ದೆ ಕೈಯಲ್ಲೇ ಬಂದು ತಿದ್ದಿದ್ಲು. ತಿದ್ದಿದ್ಮೇಲೇ ಕಳಿಸಿದ್ದು. ಆ ತಪ್ಪು ನಿಮ್ಮ ಮನೆ ಹೊಸ್ತಿಲು ದಾಟಲೇ ಇಲ್ಲ."

"ಸರಿ. ಅದಕ್ಕೇನೀಗ?"

"ಅವತ್ತು ಮಧ್ಯಾಹ್ನವೇ ಗರಗಸ ಬರ್ದಿದ್ದು ಓದಿ."

ಅವನು ಕನ್ನಡಕ ಹಣೆಗೇರಿಸಿ ಓದಿದ. 'ಮಕ್ಕಳ ಆಸ್ಪತ್ರೆಯ ಹಾಸಿಗೆಗಳನ್ನೇ ಎರಡು ಸಲ ಎಣಿಸುವವಳ ಕೈಗೆ ಜನರ ಪ್ರಾಣ ಕೊಟ್ಟಿದ್ದೀರಿ. ನಾಚಿಕೆಯಾಗಬೇಕು.'

"ಹೊಸ್ತಿಲು ದಾಟದ ತಪ್ಪು ಊರಿಗೆ ಹೇಗೆ ಗೊತ್ತಾಯ್ತು? ಮನೆಯೊಳಗಿದ್ದು ನೋಡಿದವರಿಗೆ ಮಾತ್ರ ಗೊತ್ತಾಗ್ಬೇಕು. ನಿಮಗೆ ಅವಳ ಈ ಕೆಲಸ ಕಂಡ್ರೆ ಆಗಲ್ಲ. ಒಂದ್ಸಲ ಇಂಟರ್ನೆಟ್ ತಂತೀನೇ ಕಿತ್ತು ಬಿಸಾಕಿದ್ರಂತೆ."

"ಹೌದು, ಬಿಸಾಕಿದ್ದೆ!" ಅವನ ಮುಖ ಕೆಂಪಾಯಿತು. "ಮಗಳಿಗೆ ಮೈ ಕಾದಿತ್ತು. ಇವಳು ಯಾವ್ದೋ ಊರಿನ ಗಾಡೀಲಿ ದಾರಿ ತೋರಿಸ್ತಿಲ್ಲ ಅಂತ ಕಂಪ್ಯೂಟರ್ ಮುಂದೆ ಕೂತಿದ್ಲು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಬೈದೆ. ಈಗ್ಲೂ ಬೈತೀನಿ. ಆದ್ರೆ ಮುಖಕ್ಕೇ ಬೈತೀನಿ ಅಕ್ಕಾ. ಮುಸುಕು ಹಾಕ್ಕೊಂಡು ಬೈಯೋಕೆ ನನಗೇನು ಹೆದ್ರಿಕೆ? ನನ್ನ ಹೆಂಡ್ತಿ ಅವ್ಳು."

"ಎಲ್ಲ ಗಂಡಂದಿರೂ ಹೀಗೇ ಹೇಳೋದು."

"ಬುಧವಾರ ಅಂದ್ರಲ್ಲ? ಅಜ್ಜಾ, ಬುಧವಾರ ನಾನೆಲ್ಲಿದ್ದೆ?"

ಮುದುಕರು ಚೌಕಟ್ಟನ್ನು ಸರಿಮಾಡಿಕೊಂಡರು. "ನಮ್ಮ ಬಡಾವಣೆ ಶಾಲೇಲಿ ಕಣ್ಣಿನ ತಪಾಸಣೆ ಇತ್ತಲ್ಲ. ಬೆಳಗಿಂದ ದೀಪ ಹಚ್ಚೋತನಕ ಅಲ್ಲೇ ಇದ್ದ. ಇವನತ್ತೆ ಚೀಟಿ ಬರೀತಿದ್ರು. ಮಗೂನೂ ಅಲ್ಲೇ ಆಡ್ಕೊಂಡಿತ್ತು. ನನ್ನ ಸರದಿ ಬರೋವಾಗ ಇವನು ಸಾಮಾನು ಕಟ್ಟಿದ. ಅದಕ್ಕೇ ಇವತ್ತು ಇಲ್ಲಿಗೆ ಬಂದು ಕೂತಿರೋದು."

ತಕರಾರಕ್ಕ ಕಟ್ಟೆಯ ಮೇಲಿನ ಫೋನನ್ನು ಎತ್ತಿಕೊಂಡಳು.

"ಮನೇಲಿ ಅವಳೊಬ್ಳೇ ಇದ್ದಿದ್ದು," ಎಂದ ಅವನು. ಸಿಟ್ಟು ಇಳಿದು ದನಿಯಲ್ಲಿ ಬೇರೇನೋ ಸೇರಿಕೊಂಡಿತ್ತು. "ಅವಳೊಬ್ಳೇ, ಅಕ್ಕಾ."

* * *

ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಅವರ ಮನೆ. ತಕರಾರಕ್ಕ ಕಟಕಟೆ ಹಿಡಿದು ನಡುವೆಯೇ ನಿಂತಳು.

ತನ್ನ ಮೇಲೆಯೇ ಅವಳಿಗೆ ಅಸಾಧ್ಯ ಕೋಪ ಬಂತು. ಗಂಡ ಸಿಡುಕ, ಆದ್ದರಿಂದ ಗಂಡನೇ ಕಳ್ಳ. ಎಷ್ಟು ಸಲೀಸಾದ ಲೆಕ್ಕ! ಗರಗಸನ ಬೈಗುಳಗಳನ್ನೆಲ್ಲ ಅವಳು ಹತ್ತಾರು ಸಲ ಓದಿದ್ದಳು. ಓದಿದಾಗಲೆಲ್ಲ ಏನೋ ಒಂದು ಚುಚ್ಚುತ್ತಿತ್ತು, ಏನೆಂದು ಕೈಗೆ ಸಿಕ್ಕಿರಲಿಲ್ಲ. ಈಗ ಸಿಕ್ಕಿತು.

ಗರಗಸ ಒಮ್ಮೆಯೂ ಸುಳ್ಳು ಬೈದಿರಲಿಲ್ಲ.

ವಿಚಾರಣೆಗಳಲ್ಲಿ ಅವಳು ಕೇಳದ ಬೈಗುಳವಿಲ್ಲ. ಪರರು ಬೈದರೆ ಅದರಲ್ಲಿ ಅರ್ಧ ಹೊಟ್ಟೆಕಿಚ್ಚು, ಕಾಲು ಭಾಗ ಗಾಳಿಮಾತು. ಎಲ್ಲೋ ಒಂದು ಕಡೆ ಗುರಿ ತಪ್ಪಿ ಗೋಡೆಗೆ ಬಡಿಯುತ್ತದೆ. ಗರಗಸನ ಮಾತು ಎಂದೂ ಗುರಿ ತಪ್ಪಿರಲಿಲ್ಲ. ಎಲ್ಲಿ ಇರುವೆ ನಿಜವಾಗಿ ಎಡವಿದ್ದಳೋ ಅಲ್ಲೇ ಹಲ್ಲು ಊರಿತ್ತು. ಅಷ್ಟು ಕರಾರುವಾಕ್ಕಾಗಿ ಒಬ್ಬ ಹೆಂಗಸನ್ನು ಬೈಯಬಲ್ಲವರು ಈ ಲೋಕದಲ್ಲಿ ಒಬ್ಬರೇ.

ತಕರಾರಕ್ಕ ಉಳಿದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದಳು.

ಇರುವೆ ಊಟದ ಮೇಜಿನ ಬಳಿಯೇ ಇದ್ದಳು. ಅರ್ಧ ಮೇಜು ಕಂಪ್ಯೂಟರಿಗೆ, ಅರ್ಧ ಮಗಳ ಬಣ್ಣದ ಪೆನ್ಸಿಲುಗಳಿಗೆ. ಕುರ್ಚಿಯ ಬೆನ್ನಿಗೆ ಒದ್ದೆ ಟವೆಲ್ಲು. ಸಿಂಕಿನಲ್ಲಿ ಪಾತ್ರೆ ಹಾಗೇ ಇದ್ದವು.

"ಬಾ ಅಕ್ಕಾ. ಸಿಕ್ಕಿದ್ನಾ ಗರಗಸ?"

"ಸಿಕ್ದ. ಪಾತ್ರೆ ತೊಳೀತಾ ನೆನಪು ಮಾಡ್ಕೊಂಡವಳೇ, ಕೈ ಒರೆಸ್ಕೊಂಡು ಗರಗಸನ ಹೆಸರಲ್ಲಿ ಬರೆದ್ಲು. ಅಲ್ವೇನೇ?"

ಇರುವೆ ಮೇಲೆ ನೋಡಲಿಲ್ಲ. ಉರುಳುತ್ತಿದ್ದ ಹಸಿರು ಪೆನ್ಸಿಲನ್ನು ಬೆರಳಿನಿಂದ ತಡೆದಳು.

"ಕಳಿಸೋಕ್ಮುಂಚೆ ತಿದ್ದಿದ್ದೆ ಅನ್ನೋದು ಬರೆಯೋವಾಗ ಮರ್ತೇ ಹೋಯ್ತಕ್ಕಾ. ಆ ಸಿಟ್ಟು ಹಾಗಿತ್ತು."

"ಯಾರ ಮೇಲೆ?"

"ಇನ್ಯಾರ ಮೇಲೆ!"

"ಅಯ್ಯೋ ನಿನ್ನ! ನಾಲ್ಕೂ ನೀನೇನಾ?"

"ನಾಲ್ಕೂ ನಾನೇ."

ತಕರಾರಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. "ನಿನ್ನ ಪರವಾಗಿ ನಾನು ಊರೆಲ್ಲ ಜಗಳ ಆಡಿದ್ದೀನಿ. ಈಗ ತಾನೇ ನಿನ್ನ ಗಂಡನ ಮಾನ ಒಬ್ಬ ಅಜ್ಜನ ಮುಂದೆ ಹರಾಜು ಹಾಕಿ ಬಂದೆ. ಯಾಕೆ ಮಾಡ್ದೆ?"

"ಸಾಕಾಗಿದೆ ಅಂತ ಸಭೇಲಿ ಹೇಳಿದ್ನಲ್ಲ, ನಿನಗೆ ನೆನಪಿದ್ಯಾ?" ಇರುವೆಯ ದನಿ ಈಗ ಏರಿತು. "ಕೈಯಲ್ಲಿ ಆಗ್ತಿಲ್ಲ, ಇಬ್ಬರು ಮೂವರು ಹಂಚ್ಕೊಳ್ಳಿ ಅಂತ ಅಂಗಲಾಚಿದೆ. ಏನಂದ್ರು? 'ನೀವಿಲ್ದೆ ಹೇಗೆ ಇರುವೆ!' ಹೂವಿನ ಚಿತ್ರ ಹಾಕಿದ್ರು. ಹೃದಯದ ಚಿತ್ರ ಹಾಕಿದ್ರು. ಚಪ್ಪಾಳೆ ಹಾಕಿದ್ರು. ಒಬ್ರೇ ಒಬ್ರೂ ಕೈ ಹಾಕಲಿಲ್ಲ. ಮಾರನೇ ದಿನ ಮತ್ತೆ ಅದೇ, ಇದು ಯಾಕಾಗಿಲ್ಲ, ಅದು ಯಾವಾಗ ಆಗುತ್ತೆ. ದಣಿದವಳಿಗೆ ಯಾರೂ ರಜ ಕೊಡಲ್ಲ ಅಕ್ಕಾ. ಕೆಲಸಕ್ಕೆ ಬಾರದವಳಿಗೆ ಮಾತ್ರ ಕೊಡ್ತಾರೆ. ಅದಕ್ಕೇ, ಕೆಲಸಕ್ಕೆ ಬಾರದವಳು ಅಂತ ಯಾರಾದ್ರೂ ಹೇಳ್ಲಿ ಅಂದ್ಕೊಂಡೆ. ಯಾರೂ ಹೇಳಲಿಲ್ಲ. ನಾನೇ ಹೇಳ್ದೆ."

ತಕರಾರಕ್ಕ ಕುರ್ಚಿ ಎಳೆದು ಕೂತಳು. ಕೋಪ ಹೋಗಿರಲಿಲ್ಲ, ದಿಕ್ಕು ಬದಲಿಸಿತ್ತು ಅಷ್ಟೆ. ಸಾವಿರಾರು ಗಾಡಿಗಳು ಈ ಮೇಜಿನ ಅರ್ಧ ಜಾಗದಿಂದ ಓಡುತ್ತಿವೆ. ಆ ಜಾಗದಲ್ಲಿ ಕೂತವಳು, ತನ್ನನ್ನು ಬಿಡಿಸಿ ಎಂದು ಕೇಳಲು ನಾಲ್ಕು ಮುಖವಾಡ ಹೊಲಿದುಕೊಳ್ಳಬೇಕಾಯಿತು.

ಬಾಗಿಲಲ್ಲಿ ಸದ್ದಾಯಿತು. ಅಂಗಡಿಗೆ ಬೀಗ ಹಾಕಿ ಗಂಡ ಮೇಲೆ ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕೈಯಲ್ಲಿ ಕನ್ನಡಕ ಒರೆಸುವ ಬಟ್ಟೆ ಮುದ್ದೆಯಾಗಿತ್ತು.

"ನನಗೆ ಹೇಳ್ಬಹುದಿತ್ತಲ್ಲ," ಎಂದ.

"ನಿಮಗೆ ಹೇಳಿದ್ರೆ ತಂತಿ ಕೀಳ್ತೀರ," ಎಂದಳು ಇರುವೆ. "ಅದರಾಚೆ ಗಾಡಿಯೊಳಗೆ ಯಾರದೋ ತಾಯಿ ಮಲಗಿರ್ತಾಳೆ."

ಅವನು ಒಳಬಂದು, ಸಿಂಕಿನ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದ. ತಟ್ಟೆಗಳಿಗೆ ಆ ದಿನ ಒಳ್ಳೇ ಏಟು ಬಿತ್ತು.

"ಹಾಗಾದ್ರೆ ಮುಗೀತಲ್ಲ," ಎಂದಳು ತಕರಾರಕ್ಕ, ನಲ್ಲಿಯ ಸದ್ದಿಗಿಂತ ದನಿ ಎತ್ತರಿಸಿ. "ಕೀಲಿ ನೆರಳಿಗೆ ಹೋಗ್ಲಿ. ನಿನಗೂ ಅದೇ ತಾನೇ ಬೇಕಾಗಿದ್ದು? ಅವನೂ ನಿನ್ನದೇ ಐದನೇ ಮುಖವಾಡವೋ?"

"ಇಲ್ಲ. ನೆರಳು ನಾನಲ್ಲ. ಅದೇ ನನ್ನ ಸಂಕಟ. ಇದು ಬೆಳಿಗ್ಗೆ ಬಂತು."

ಇರುವೆ ಪರದೆಯನ್ನು ಅವಳತ್ತ ತಿರುಗಿಸಿದಳು. ನೆರಳಿನ ಹೆಸರಿನಿಂದ ಬಂದ ಸಂದೇಶ. ಸವಿಮಾತಿನ ಲವಲೇಶವೂ ಅದರಲ್ಲಿರಲಿಲ್ಲ.

'ಸಂಜೆ ಬಾಯಿ ಮುಚ್ಚಿಕೊಂಡಿರು. ನಿನ್ನ ಊಟದ ಮೇಜಿನ ಮೇಲೇ ಸತ್ತ ತಪ್ಪು ಗರಗಸನಿಗೆ ಹೇಗೆ ತಿಳಿಯಿತು ಎಂದು ನಾನು ಸಭೆಯಲ್ಲಿ ಕೇಳಿದರೆ, ನಿನ್ನ ಗತಿ ಯೋಚಿಸಿಕೋ.'

"ಅವನು ತಯಾರು ಮಾಡಿಟ್ಕೊಂಡಿರೋ ತಿದ್ದುಪಡೀನ ಆಮೇಲೆ ಬಿಡಿಸಿ ನೋಡಿದೆ," ಎಂದಳು ಇರುವೆ. "ಹತ್ತಿರದ ಆಸ್ಪತ್ರೆ ಮೊದಲು ತೋರಿಸ್ಬೇಕು ಅನ್ನೋ ಸಾಲು ತೆಗೆದಿದ್ದಾನೆ. 'ಶಿಫಾರಸು ಮಾಡಿದ ಆಸ್ಪತ್ರೆ' ಮೊದಲು ಬರುತ್ತೆ. ಶಿಫಾರಸು ಯಾರದ್ದು? ಕೀಲಿ ಇಟ್ಕೊಂಡವನದ್ದು. ಪಕ್ಕದಲ್ಲೇ ಆಸ್ಪತ್ರೆ ಇದ್ರೂ ಗಾಡಿ ಅದನ್ನ ದಾಟ್ಕೊಂಡು ಹೋಗುತ್ತೆ. ಕೀಲಿ ಯಾರಿಗಾದ್ರೂ ಹೋಗ್ಲಿ ಅಂದ್ಕೊಂಡಿದ್ದೆ. ಇಂಥವನಿಗೆ ಕೊಡೋಕಾಗಲ್ಲ. ಬೇಡ ಅಂದ್ರೆ ನನ್ನ ಬಣ್ಣ ಬಯಲು."

ತಕರಾರಕ್ಕ ಆ ಸಂದೇಶವನ್ನೇ ದಿಟ್ಟಿಸುತ್ತಿದ್ದಳು. ಎರಡು ಪದಗಳ ಮೇಲೆ ಬೆರಳಿಟ್ಟಳು. ಊಟದ ಮೇಜು.

"ಆ ತಪ್ಪು ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ ಅಂತ ಯಾರಿಗೆ ಹೇಳಿದ್ದೆ?"

"ನಿನಗೊಬ್ಬಳಿಗೇ. ಫೋನಲ್ಲಿ, ನಗ್ತಾ ಹೇಳಿದ್ನಲ್ಲ."

"ಇವರಿಗೆ?"

"ನನಗೆ ಇವತ್ತು ನಿಮ್ಮಿಂದಲೇ ಗೊತ್ತಾಗಿದ್ದು," ಎಂದ ಗಂಡ ಸಿಂಕಿನ ಬಳಿಯಿಂದ. "ಆ ಸಂದೇಶ ಬಂದಿರೋದು ಬೆಳಿಗ್ಗೆ."

ತಕರಾರಕ್ಕ ಕುರ್ಚಿ ಹಿಂದಕ್ಕೆ ಸರಿಸಿದಳು. ಅವಳೂ ಒಬ್ಬರಿಗೇ ಹೇಳಿದ್ದಳು.

ಮೇಷ್ಟ್ರಿಗೆ.

ಮೇಷ್ಟ್ರೆಂದರೆ ಹೆಗಲನ್ನು ಹುಟ್ಟುಹಾಕಿದವರು, ಅದರ ಅಧ್ಯಕ್ಷರು. ಬಳಗದ ನಿಯಮಗಳನ್ನೆಲ್ಲ ಬರೆದವರು. 'ನಮ್ಮಲ್ಲಿ ಯಾರ ಹೆಸರು, ಊರು, ವಿಳಾಸ ಕೇಳುವುದಿಲ್ಲ. ಕೆಲಸ ಮಾತಾಡಬೇಕು' ಎಂದು ಎಲ್ಲ ವೇದಿಕೆಗಳಲ್ಲೂ ಎದೆಯುಬ್ಬಿಸುವವರು. ಗರಗಸ ಬರೆದ ತಪ್ಪು ಹಳೆಯ ಆವೃತ್ತಿಗಳಲ್ಲಿ ಎಲ್ಲಾದರೂ ಇದೆಯೇ ಹುಡುಕಿಕೊಡಿ ಎಂದು ಕೇಳಲು ಅವಳೇ ಅವರ ಮನೆಗೆ ಹೋಗಿದ್ದಳು. ಮೇಜು, ಪಾತ್ರೆ, ಒದ್ದೆ ಕೈ, ಎಲ್ಲವನ್ನೂ ಒಪ್ಪಿಸಿದ್ದಳು. ಗಂಡನ ಮೇಲೆ ಅನುಮಾನ ಎಂದೂ ಹೇಳಿದ್ದಳು. "ಒಳಗಿನ ಕಂಪ್ಯೂಟರಲ್ಲಿ ನೋಡಿ ಬರ್ತೀನಿ" ಎಂದು ಎದ್ದುಹೋಗಿ ಹಿಂದಿನ ಕೋಣೆಯ ಬಾಗಿಲು ಮುಚ್ಚಿಕೊಂಡ ಮೇಷ್ಟ್ರು, ಅವರ ಹೆಂಡತಿ ಸದ್ದಿಲ್ಲದೆ ಇಟ್ಟು ಹೋದ ಲೋಟದ ಚಹಾ ಆರುವ ಮೊದಲೇ ಹೊರಬಂದು, ಎಲ್ಲೂ ಇಲ್ಲ ಎಂದಿದ್ದರು. ಅಷ್ಟು ಬೇಗ ಹೇಗೆ ಹುಡುಕಿದರೆಂದು ಅವಳು ಆಗ ಬೆರಗಾಗಿದ್ದಳು.

ಕಳ್ಳನ ಕೈಗೇ ದೀಪ ಕೊಟ್ಟು ಬಂದಿದ್ದಳು. ಅವಳು ಗಂಡನ ಹಿಂದೆ ಬಿದ್ದಳು. ದೀಪ ಹಿಡಿದವರು ಸರಿಯಾದ ಕಡೆ ನೋಡಿದರು.

"ಮೇಷ್ಟ್ರಾ?" ಇರುವೆ ಅವಳ ಮುಖ ನೋಡಿಯೇ ಊಹಿಸಿದಳು. "ಈ ಕೀಲೀನ ನನ್ನ ಕೈಗೆ ಕೊಟ್ಟವರೇ ಅವ್ರು."

"ಕೊಟ್ಟು, ಚಾಕರಿ ಮಾಡಿಸಿ, ಆಸ್ಪತ್ರೆಯವರು ಬೆಲೆ ಕಟ್ಟಿದ ಮೇಲೆ ವಾಪಸ್ ಕೇಳ್ತಿದ್ದಾರೆ. ತಮ್ಮ ಹೆಸರಲ್ಲಿ ಕೇಳೋಕೆ ನಾಚಿಕೆ, ಅದಕ್ಕೇ ನೆರಳು." ತಕರಾರಕ್ಕ ಹಲ್ಲು ಕಚ್ಚಿದಳು. "ಬಾಗಿಲಿಲ್ಲದ ಮನೆ ಕಟ್ಟಿದ್ದೀನಿ ಅಂತ ಊರೆಲ್ಲ ಡಂಗುರ. ಒಳಗೆ ಒಬ್ಬಳೇ ಹೆಂಗಸು ನೆಲ ಒರೆಸ್ತಿದ್ದಾಳೆ ಅನ್ನೋದು ಯಾರಿಗೂ ಬೇಡ!"

ಪರದೆಯ ಮೇಲೆ ಗಂಟೆಯ ಸದ್ದು. ಸಭೆ ತೆರೆದಿತ್ತು.

* * *

ಚೌಕಚೌಕವಾಗಿ ಸದಸ್ಯರು ಮೂಡಿದರು. ಬಹಳ ಜನ ಮುಖ ತೋರಿಸಿರಲಿಲ್ಲ, ಕಪ್ಪು ಚೌಕದ ಮೇಲೆ ಹೆಸರು ಮಾತ್ರ. ಅವುಗಳ ನಡುವೆ 'ನೆರಳು' ಕೂಡ ಇತ್ತು. ಮೇಲಿನ ಸಾಲಿನಲ್ಲಿ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಎಡಬಲಕ್ಕೆ ಪುಸ್ತಕದ ಕಪಾಟು, ಬೆನ್ನ ಹಿಂದೆ ಅದೇ ಮುಚ್ಚಿದ ಬಾಗಿಲು.

"ಎಲ್ಲರಿಗೂ ನಮಸ್ಕಾರ," ಎಂದರು ಮೇಷ್ಟ್ರು, ಪಾಠ ಶುರುಮಾಡುವ ದನಿಯಲ್ಲಿ. "ಪ್ರಸ್ತಾಪ ಎಲ್ಲರೂ ಓದಿದ್ದೀರಿ. ಇರುವೆ ಅವರ ಸೇವೆಗೆ ನಾವೆಲ್ಲ ಋಣಿಗಳು. ಅವರಿಗೂ ವಿಶ್ರಾಂತಿ ಬೇಕು. ಬಿಡುಗಡೆಯ ಕೀಲಿ ನೆರಳು ಅವರಿಗೆ. ಯಾರದಾದರೂ ಆಕ್ಷೇಪ ಇದೆಯೇ?"

ಹೂವಿನ ಚಿತ್ರಗಳು ಪರದೆಯ ತುಂಬ ತೇಲಿದವು. ಯಾರೂ ಮಾತಾಡಲಿಲ್ಲ.

ತಕರಾರಕ್ಕನ ಕೈ ತಾನಾಗಿ ಮೈಕಿನ ಗುಂಡಿಯತ್ತ ಹೋಯಿತು. ಇರುವೆ ಅವಳ ಮಣಿಕಟ್ಟು ಹಿಡಿದಳು. "ನಿನಗೆ ಹಕ್ಕಿಲ್ಲ. ಲೆಕ್ಕಕ್ಕೇ ತಗೊಳಲ್ಲ."

ಗಂಡ ಒದ್ದೆ ಕೈಯನ್ನು ಅದೇ ಟವೆಲ್ಲಿಗೆ ಒರೆಸಿಕೊಂಡು ಬಂದು, ಕುರ್ಚಿ ಎಳೆದು ಹೆಂಡತಿಯ ಪಕ್ಕ ಕೂತ. ಬಣ್ಣದ ಪೆನ್ಸಿಲುಗಳನ್ನೆಲ್ಲ ಒಂದು ಕಡೆ ಸರಿಸಿ, ಅವಳ ಮೊಣಕೈಗೆ ಜಾಗ ಮಾಡಿಕೊಟ್ಟ.

ಇರುವೆ ಮೈಕಿನ ಗುಂಡಿ ಒತ್ತಿದಳು.

"ಆಕ್ಷೇಪ ಇದೆ."

ಹೂವುಗಳು ನಿಂತವು.

"ಹೇಳ್ತಿರೋದು ಇರುವೆ. ಗರಗಸ ಅಂತ ಬರೆದವಳೂ ನಾನೇ. ಇನ್ನು ಮೂರು ಹೆಸರೂ ನನ್ನವೇ. ಯಾಕೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ನಿಜವಾಗ್ಲೂ ಬೇಕಿದ್ರೆ ಆಮೇಲೆ ಹೇಳ್ತೀನಿ. ನೆರಳಿನ ಕೈಗೆ ಕೀಲಿ ಕೊಡಬಾರದು. ಬಾಯಿ ಮುಚ್ಚಿಕೊಂಡಿರು ಅಂತ ಇವತ್ತು ಬೆಳಿಗ್ಗೆ ನನಗೆ ಬೆದರಿಕೆ ಬಂದಿದೆ. ಅವನ ತಿದ್ದುಪಡಿ ಬಿಡಿಸಿ ನೋಡಿ, ಹತ್ತಿರದ ಆಸ್ಪತ್ರೆ ಅನ್ನೋ ಸಾಲು ಎಲ್ಲಿಗೆ ಹೋಯ್ತು ಅಂತ."

ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ನಿಟ್ಟುಸಿರು ಮಾತ್ರ ಕೇಳಿಸಿತು. ದಡ್ಡ ವಿದ್ಯಾರ್ಥಿ ತಾನಾಗಿ ಬೆಂಚಿನ ಮೇಲೆ ಹತ್ತಿ ನಿಂತಾಗ ಬಿಡುವಂಥದ್ದು.

"ತುಂಬ ನೋವಿನ ಸಂಗತಿ," ಎಂದರು. "ಸುಳ್ಳು ಹೆಸರಿನಿಂದ ನಿಂದನೆ ಮಾಡಿದವರ ಸದಸ್ಯತ್ವ, ಅದು ರುಜುವಾತಾದ ಕ್ಷಣವೇ ರದ್ದು. ನಿಯಮ ಬರೆದಾಗ ಇರುವೆ ಅವರೇ ಕೈಯೆತ್ತಿದ್ದರು. ಈಗ ಅವರೇ ಒಪ್ಪಿಕೊಂಡಿದ್ದಾರೆ. ಸದಸ್ಯರಲ್ಲದವರ ಆಕ್ಷೇಪ ಲೆಕ್ಕಕ್ಕೆ ಬರುವುದಿಲ್ಲ. ಅವರ ಆರೋಪವನ್ನು ಮುಂದೆ ವಿಚಾರಿಸೋಣ."

ಇರುವೆಯ ಚೌಕ ಪರದೆಯಿಂದ ಅಳಿಸಿಹೋಯಿತು. ಇನ್ನು ಅವಳು ಕೇಳಿಸಿಕೊಳ್ಳಬಹುದಿತ್ತು, ಮಾತಾಡುವಂತಿರಲಿಲ್ಲ.

"ಮನುಷ್ಯನಾ ಇವ್ನು!" ಎಂದು ಕನ್ನಡಕದಂಗಡಿಯವನು ಮೇಜು ಗುದ್ದಿದ. ಹಸಿರು ಪೆನ್ಸಿಲು ನೆಲಕ್ಕೆ ಉರುಳಿತು.

"ಬೇರೆ ಯಾರದಾದರೂ ಆಕ್ಷೇಪ?" ಎಂದರು ಮೇಷ್ಟ್ರು.

ಕಪ್ಪು ಚೌಕಗಳು ಕಪ್ಪಾಗಿಯೇ ಇದ್ದವು. ಒಬ್ಬರಾದರೂ, ಎಂದು ತಕರಾರಕ್ಕ ಮನಸ್ಸಿನಲ್ಲೇ ಅರಚಿದಳು. ಹೂವು ಹಾಕಿದವರಲ್ಲಿ ಒಬ್ಬರಾದರೂ ಬಾಯಿ ಬಿಡಿ, ಪುಣ್ಯಾತ್ಮರೇ!

"ಹಾಗಾದರೆ ಮೌನವನ್ನೇ ಒಪ್ಪಿಗೆ ಎಂದು..."

ಕೆಳಸಾಲಿನ ಒಂದು ಚೌಕದ ಅಂಚು ಹಸಿರಾಯಿತು. ಯಾರೋ ಮೈಕು ತೆರೆದಿದ್ದರು. ತಕರಾರಕ್ಕ ಬಗ್ಗಿ ಹೆಸರು ಓದಿದಳು. ಮತ್ತೊಮ್ಮೆ ಓದಿದಳು. ಮೇಲಿನ ಸಾಲಿನಲ್ಲಿ ಮೇಷ್ಟ್ರ ತುಟಿಗಳು ಮುಚ್ಚಿಯೇ ಇದ್ದವು.

ಹಸಿರಾದ ಚೌಕದ ಹೆಸರು ನೆರಳು.

"ಆಕ್ಷೇಪ ಇದೆ," ಎಂದಿತು ದನಿ. ಹೆಂಗಸಿನ ದನಿ. ಬಹಳ ಕಾಲದಿಂದ ಜೋರಾಗಿ ಮಾತಾಡಿ ಅಭ್ಯಾಸವಿಲ್ಲದ, ವಯಸ್ಸಾದ ದನಿ. "ಈ ಹೆಸರಲ್ಲಿ ಕೆಲಸ ಮಾಡಿದವಳು ನಾನು. ಬೆದರಿಕೆ ಬರೆದವಳು ನಾನಲ್ಲ. ಕೀಲಿ ನನಗೆ ಬೇಡ."

ಅದೇ ಮಾತು ಮೇಷ್ಟ್ರ ಚೌಕದಿಂದಲೂ, ಬಾಗಿಲಿನಾಚೆಯಿಂದ ಬಂದಂತೆ, ಸಣ್ಣಗೆ ಕೇಳಿತು. ಮೇಷ್ಟ್ರು ಪರದೆಯ ಕಡೆ ನೋಡಲಿಲ್ಲ. ಕುರ್ಚಿಯಲ್ಲೇ ತಿರುಗಿ, ತಮ್ಮ ಬೆನ್ನ ಹಿಂದಿನ ಮುಚ್ಚಿದ ಬಾಗಿಲನ್ನು ನೋಡಿದರು. ಆಮೇಲೆ ಎದ್ದು ನಿಂತರು.